ಗಡಿ ಓರೆ, ಗೋಡೆ ನೇರ

*ನಾವು ತುಮಕೂರಿನ ಕಡೆಯವರು. ನ್ಯೂಜೆರ್ಸಿಯ ಒಂದು ಟೌನ್‌ಶಿಪ್‌ನಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ ಮಷೀನ್ ಶಾಪ್ ನಡೆಸುತ್ತಿದ್ದೇವೆ. 11 ಜನ ಕೆಲಸಕ್ಕಿದ್ದಾರೆ. 1960ರ ದಶಕದ ಕಟ್ಟಡ, ಸಾಲ ಮಾಡಿ ಕೊಂಡದ್ದು. ಕೆಲಸ ಕೈತುಂಬ ಬರುತ್ತಿದೆ, ಆದರೆ ಒಳಗೆ ಕಾಲಿಡಲು ಜಾಗವಿಲ್ಲ. ಹೊಸ ಫೈವ್-ಆಕ್ಸಿಸ್ ಮಷೀನಿಗೆ ಮುಂಗಡ ಕೊಟ್ಟಾಗಿದೆ. ಕಟ್ಟಡದ ಹಿಂಬದಿಗೆ 60 ಅಡಿ ಉದ್ದ, 50 ಅಡಿ ಅಗಲ ಸೇರಿಸಲು ನಕ್ಷೆ ಮಾಡಿಸಿದೆ. ಒಳಗಿನ ಓವರ್‌ಹೆಡ್ ಕ್ರೇನ್ ಹಾಗೇ ನೇರಕ್ಕೆ ಹಿಂದಕ್ಕೆ ಹೋಗಬೇಕು. ಪಕ್ಕದ ಗಡಿಯಿಂದ 30 ಅಡಿ ಬಿಡಬೇಕೆಂಬ ನಿಯಮವಿದೆ. ಈಗಿರುವ ಹಿಂಬದಿಯ ಮೂಲೆ ಗಡಿಯಿಂದ 32 ಅಡಿ ದೂರದಲ್ಲಿದೆ, ಹೊಸ ಮೂಲೆ 14 ಅಡಿಗೆ ಬರುತ್ತದೆ. ಆ ಕಡೆ ಹಿಂದೆ ರೈಲು ಹಳಿ ಇತ್ತಂತೆ, ಗಡಿ ಓರೆಯಾಗಿ ಬಂದಿದೆ. ಇನ್ನೊಂದು ಪಕ್ಕದಲ್ಲಿ ಲಾರಿ ಡಾಕು, ಪಾರ್ಕಿಂಗು. ಟೌನ್‌ಶಿಪ್ ಆಫೀಸಿನವರು ಬೋರ್ಡಿನಿಂದ ವೇರಿಯನ್ಸ್, ಅಂದರೆ ನಿಯಮದಿಂದ ವಿನಾಯಿತಿ, ತನ್ನಿ ಅಂದರು.*

*ಕಂಟ್ರಾಕ್ಟರ್ ಒಬ್ಬರು, ಮೊದಲು ಸ್ಲ್ಯಾಬ್ ಹಾಕಿಬಿಡೋಣ, ಆಮೇಲೆ ದಂಡ ಕಟ್ಟಿ ಸರಿಮಾಡಿಕೊಂಡರಾಯಿತು ಅನ್ನುತ್ತಾರೆ. ಸ್ನೇಹಿತರೊಬ್ಬರಿಗೆ ಬೋರ್ಡ್ ಸದಸ್ಯರೊಬ್ಬರು ಪರಿಚಯವಂತೆ, ಮಾತಾಡಿಸುತ್ತೇನೆ ಅಂದಿದ್ದಾರೆ. ಹಳಿಯ ಆಚೆ ಮನೆಗಳಿವೆ. ಅಲ್ಲಿನ ವಯಸ್ಸಾದ ಹೆಂಗಸೊಬ್ಬರು ನಮ್ಮ ಕಂಪ್ರೆಸರ್ ಸದ್ದಿನ ಬಗ್ಗೆ ದೂರು ಕೊಟ್ಟಿದ್ದರು. ಆಕೆ ಬಂದು ಎದುರು ನಿಂತರೆ ಎಲ್ಲ ಮುಗಿದಂತೆಯೇ. ನಾಲ್ಕು ಜನರೆದುರು ಇಂಗ್ಲಿಷಿನಲ್ಲಿ ಮಾತಾಡಬೇಕೆಂದರೆ ನನಗೆ ಮೈ ಬೆವರುತ್ತದೆ. ಹೆಂಡತಿ, ಪೆನ್ಸಿಲ್ವೇನಿಯಾಕ್ಕೆ ಹೋಗಿಬಿಡೋಣ ಅನ್ನುತ್ತಾಳೆ. ನಮ್ಮ ಕಷ್ಟ ಬೋರ್ಡಿನವರ ಮನಸ್ಸಿಗೆ ಮುಟ್ಟುವ ಹಾಗೆ ಹೇಗೆ ಹೇಳುವುದು?*
*– ಹೆಸರು ಬೇಡ, ನ್ಯೂಜೆರ್ಸಿ*

ಪ್ರಿಯ ಮಿತ್ರರೇ,

ನಿಮ್ಮ ಪತ್ರದಲ್ಲಿ ಸಾಲ, ಮುಂಗಡ, ಮಷೀನು, ಕೆಲಸಗಾರರು ಎಲ್ಲವೂ ಬಂದು ಹೋದವು. ನಡುವೆ ಒಂದು ಮಾತನ್ನು ನೀವು ಹಾಗೇ ತೇಲಿಸಿ ಬರೆದಿದ್ದೀರಿ: ಗಡಿ ಓರೆಯಾಗಿ ಬಂದಿದೆ. ನಿಮ್ಮ ಅರ್ಜಿಯ ಜೀವ ಇರುವುದು ಆ ಮಾತಿನಲ್ಲಿ. ಉಳಿದುದರಲ್ಲಿ ಮುಕ್ಕಾಲು ಪಾಲನ್ನು ಬೋರ್ಡ್ ತೂಕಕ್ಕೇ ಹಾಕುವ ಹಾಗಿಲ್ಲ.

ಕೇಳಲು ಕಟುವಾಗಿದೆ ಎಂದು ಗೊತ್ತು. 11 ಕುಟುಂಬಗಳ ಅನ್ನ ನಿಮ್ಮ ಶಾಪಿನಿಂದ ನಡೆಯುತ್ತಿದೆ, ಅದು ಸಣ್ಣ ಸಂಗತಿಯಲ್ಲ. ಆದರೂ ನ್ಯೂಜೆರ್ಸಿಯ ಕಾನೂನು, ಅಂದರೆ 1975ರಲ್ಲಿ ಪಾಸಾಗಿ ಮರುವರ್ಷ ಆಗಸ್ಟಿನಿಂದ ಜಾರಿಗೆ ಬಂದ ಮುನಿಸಿಪಲ್ ಲ್ಯಾಂಡ್ ಯೂಸ್ ಲಾ, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಸಡಿಲಿಸುವಾಗ ಮಾಲೀಕನನ್ನು ನೋಡುವುದಿಲ್ಲ, ಭೂಮಿಯನ್ನು ನೋಡುತ್ತದೆ. ಕಾರಣವೂ ಸರಿಯಾದದ್ದೇ. ವೇರಿಯನ್ಸ್ ನಿಮಗೆ ಸಿಗುವ ಪರವಾನಗಿಯಲ್ಲ, ಆ ಜಾಗಕ್ಕೆ ಅಂಟಿಕೊಳ್ಳುವ ಹಕ್ಕು. ನಾಳೆ ನೀವು ಮಾರಿ ಹೋದರೂ ಅದು ಅಲ್ಲೇ ಇರುತ್ತದೆ. ನಿಮ್ಮ ಒಳ್ಳೆಯತನ ಕಂಡು ಕೊಟ್ಟ 14 ಅಡಿಯನ್ನು ನಿಮ್ಮ ನಂತರ ಬರುವವರು ಹೇಗೆ ಬಳಸುತ್ತಾರೋ ಯಾರು ಬಲ್ಲರು? ಹಾಗಾಗಿ ಬೋರ್ಡ್ ಕೇಳುವುದು, ಈ ಜಾಗಕ್ಕೇ ಏನಾದರೂ ತೊಡಕಿದೆಯೇ, ಪಕ್ಕದ ಜಾಗಗಳಿಗಿಲ್ಲದ ತೊಡಕು ಇದಕ್ಕಿದೆಯೇ ಎಂದು. ವ್ಯಾಪಾರ ಬೆಳೆದದ್ದು ಜಾಗದ ತೊಡಕಲ್ಲ. ಮಷೀನಿಗೆ ಮುಂಗಡ ಕೊಟ್ಟದ್ದಂತೂ ನೀವೇ ತಂದುಕೊಂಡ ಇಕ್ಕಟ್ಟು ಎನಿಸಿಕೊಳ್ಳುತ್ತದೆ. ಅದನ್ನು ನೀವಾಗಿ ಎತ್ತಬೇಡಿ.

ಈಗ ಓರೆ ಗಡಿಗೆ ಬರುತ್ತೇನೆ. ಕಾನೂನಿನ 70ನೇ ಕಲಮಿನ 'ಸಿ' ಭಾಗದಲ್ಲಿ ಎರಡು ದಾರಿಗಳಿವೆ. ಮೊದಲನೆಯದು, ಜಾಗ ಅಸಾಧಾರಣವಾಗಿ ಕಿರಿದಾಗಿದ್ದರೆ, ಆಳವಿಲ್ಲದಿದ್ದರೆ ಅಥವಾ ಅದರ ಆಕಾರವೇ ವಿಚಿತ್ರವಾಗಿದ್ದರೆ, ಅದರಿಂದಾಗಿ ನಿಯಮ ಪಾಲಿಸುವುದು ಮಾಲೀಕನಿಗೆ ಅನುಚಿತ ಕಷ್ಟವಾಗುವುದಾದರೆ, ಸಡಿಲಿಕೆ ಕೊಡಬಹುದು ಎನ್ನುತ್ತದೆ. ಈಗಿನ ಕಾರ್ಖಾನೆ ಗೋಡೆ ನೇರವಾಗಿದೆ, ಹಳಿಯ ಪಟ್ಟಿಯಿಂದಾಗಿ ಗಡಿ ಮಾತ್ರ ಒಳಕ್ಕೆ ಬಾಗುತ್ತಾ ಬಂದಿದೆ. ಆ ಗಡಿಯನ್ನು ನೀವು ಎಳೆದದ್ದಲ್ಲ. ಗಡಿ ಚೌಕವಾಗಿದ್ದಿದ್ದರೆ ಇದೇ ಕಟ್ಟಡವನ್ನು ಯಾವ ವೇರಿಯನ್ಸೂ ಇಲ್ಲದೆ ಹಿಂದಕ್ಕೆ ಬೆಳೆಸಬಹುದಿತ್ತು. ಇದಕ್ಕಿಂತ ನೇರವಾದ ವಾದ ಸಿಗುವುದು ಅಪರೂಪ.

ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. 60 ಅಡಿ ಹೋಗುವಷ್ಟರಲ್ಲಿ ಗಡಿ 18 ಅಡಿ ಒಳಗೆ ಬರುತ್ತದೆ, ಅಂದರೆ 10 ಅಡಿಗೆ 3 ಅಡಿಯ ಓರೆ. ಹೊಸ ಗೋಡೆ 30 ಅಡಿಯ ಗೆರೆಯನ್ನು ಮುಟ್ಟುವುದು ಸುಮಾರು 7 ಅಡಿ ಹೋದ ಮೇಲೆ. ಅಲ್ಲಿಂದ ಮುಂದೆ ನಿಷಿದ್ಧ ಜಾಗಕ್ಕೆ ನುಗ್ಗುವುದು ಒಂದು ತ್ರಿಕೋನ: 53 ಅಡಿ ಉದ್ದ, ತುದಿಯಲ್ಲಿ 16 ಅಡಿ ಅಗಲ. ಅದರ ವಿಸ್ತಾರ ಸುಮಾರು 425 ಚದರ ಅಡಿ. ನೀವು ಕಟ್ಟುವುದು 3,000 ಚದರ ಅಡಿ, ಅದರಲ್ಲಿ ಏಳರಲ್ಲಿ ಒಂದು ಪಾಲು ಮಾತ್ರ ನಿಯಮ ಮೀರುತ್ತದೆ. ‘30ರ ಬದಲು 14 ಅಡಿ’ ಎಂದು ಓದಿದರೆ ಅರ್ಧಕ್ಕಿಂತ ಹೆಚ್ಚು ಕಬಳಿಸಿದ ಹಾಗೆ ಕಾಣುತ್ತದೆ. ಸರ್ವೆ ನಕ್ಷೆಯ ಮೇಲೆ ಆ ತ್ರಿಕೋನಕ್ಕೆ ಬಣ್ಣ ಹಚ್ಚಿ ತೋರಿಸಿದರೆ ನಿಜಸ್ಥಿತಿ ಕಣ್ಣಿಗೆ ಬೀಳುತ್ತದೆ. ನಿಮ್ಮ ಎಂಜಿನಿಯರ್ ಮೊದಲು ಮಾಡಿಕೊಡಬೇಕಾದದ್ದು ಆ ಒಂದು ಹಾಳೆ. ಸರ್ವೆಯಲ್ಲಿ ಅಡಿ, ಅಂಗುಲ ಸ್ವಲ್ಪ ಹೆಚ್ಚುಕಡಿಮೆಯಾದೀತು, ಚಿತ್ರ ಬದಲಾಗುವುದಿಲ್ಲ.

ಇಷ್ಟಾದ ಮೇಲೂ ನನ್ನ ಅಭಿಪ್ರಾಯ, ನೀವು 14 ಅಡಿ ಕೇಳಬಾರದು. ಹೊಸ ಭಾಗದ ಕೊನೆಯ 27 ಅಡಿಯಲ್ಲಿ ಗೋಡೆಯನ್ನು 8 ಅಡಿ ಒಳಕ್ಕೆ ತಂದರೆ, ಗಡಿಗೆ ಅತಿ ಹತ್ತಿರದ ಜಾಗದಲ್ಲೂ ಸುಮಾರು 22 ಅಡಿ ಉಳಿಯುತ್ತದೆ. ಕಳೆದುಕೊಳ್ಳುವುದು 216 ಚದರ ಅಡಿ. ಕ್ರೇನಿನ ಹಾದಿ ಗೋಡೆಯ ಪಕ್ಕದಲ್ಲೇ ಇದ್ದರೆ ಇದು ಆಗಲಿಕ್ಕಿಲ್ಲ. ನಡುವಿನಲ್ಲಿದ್ದರೆ ಖಂಡಿತ ಆಗುತ್ತದೆ. "ಇದಕ್ಕಿಂತ ಕಡಿಮೆ ಕೇಳಲು ನೋಡಿದಿರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು, ಇಲ್ಲಿಂದ ಒಳಕ್ಕೆ ಬಂದರೆ ಮಷೀನು ನಿಲ್ಲುವ ಬೇ (ಅಂಕಣ) ಕೆಲಸಕ್ಕೆ ಬಾರದಷ್ಟು ಇಕ್ಕಟ್ಟಾಗುತ್ತದೆ ಎಂದು ತೋರಿಸುವ ಅರ್ಜಿದಾರರ ಮಾತಿಗೆ ಬೆಲೆ ಬೇರೆಯೇ. ಇನ್ನೊಂದು ಪಕ್ಕಕ್ಕೆ ಯಾಕೆ ಕಟ್ಟಬಾರದು ಎಂದೂ ಕೇಳುತ್ತಾರೆ. ಡಾಕು, ಪಾರ್ಕಿಂಗು ಎಂದಷ್ಟೇ ಹೇಳಿದರೆ ಸಾಲದು. ಲಾರಿ ತಿರುಗುವ ವೃತ್ತವನ್ನು ನಕ್ಷೆಯಲ್ಲಿ ಬರೆಸಿ.

"ಜಾಗವನ್ನು ಈಗಲೂ ಬಳಸುತ್ತಿದ್ದೀರಲ್ಲ, ಕಷ್ಟ ಎಲ್ಲಿಂದ ಬಂತು?" ಎಂದು ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ. ನಾರ್ತ್ ಕಾಲ್ಡ್‌ವೆಲ್ ಊರಿನ ಕಿರಿದಾದ ನಿವೇಶನವೊಂದರಲ್ಲಿ ಈಜುಕೊಳ ಕಟ್ಟುವ ಬಗ್ಗೆ ನಡೆದ 'ಲ್ಯಾಂಗ್' ಮೊಕದ್ದಮೆಯಲ್ಲಿ, 1999ರಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ವೇರಿಯನ್ಸ್ ಇಲ್ಲದಿದ್ದರೆ ಜಾಗ ಪೂರ್ತಿ ನಿರುಪಯುಕ್ತವಾಗುತ್ತದೆ ಎಂದು ಸಾಧಿಸಬೇಕಿಲ್ಲ. ಜಾಗದ ವಿಶೇಷ ಲಕ್ಷಣದಿಂದಾಗಿ ಅದರ ಬಳಕೆಗೆ ಅಡ್ಡಿಯಾಗುತ್ತಿದೆ ಎಂದು ತೋರಿಸಿದರೆ ಸಾಕು. ನಿಮ್ಮ ವಕೀಲರಿಗೆ ಈ ತೀರ್ಪು ಗೊತ್ತೇ ಇರುತ್ತದೆ.

ಎರಡನೆಯ ದಾರಿ ಇನ್ನಷ್ಟು ಸಡಿಲ. ಸಡಿಲಿಕೆಯಿಂದ ಆಗುವ ಒಳಿತು ಕೆಡುಕಿಗಿಂತ ಗಣನೀಯವಾಗಿ ಹೆಚ್ಚಿದ್ದರೆ ಸಾಕು. ಆದರೆ ಆ ಒಳಿತು ನಿಮಗಲ್ಲ, ಊರಿಗೆ ಆಗಬೇಕು ಎಂದು 1988ರ 'ಕಾಫ್‌ಮನ್' ತೀರ್ಪು ಹೇಳಿದೆ. ಈ ದಾರಿಯನ್ನೂ ಬಿಡಬೇಡಿ, ಎರಡನ್ನೂ ಒಟ್ಟಿಗೆ ಹಿಡಿಯಿರಿ. ದೂರಿಗೆ ಕಾರಣವಾದ ಕಂಪ್ರೆಸರನ್ನು ಹೊಸ ಭಾಗದ ಒಳಗೆ ಮುಚ್ಚಿದ ಕೋಣೆಗೆ ತಂದರೆ ಅದು ಊರಿಗಾಗುವ ಒಳಿತು. ಹೊರಗೆ ಕಬ್ಬಿಣದ ಚೂರು, ಪ್ಯಾಲೆಟ್ಟು ಗುಡ್ಡೆ ಬಿದ್ದಿದ್ದು ಅವು ಒಳಗೆ ಹೋದರೆ ಅದೂ ಒಳಿತೇ. ಎರಡು ದಾರಿಗೂ ಒಂದು ಷರತ್ತಿದೆ: ಸುತ್ತಲಿನವರಿಗೆ ಗಣನೀಯ ತೊಂದರೆಯಾಗಬಾರದು, ಊರಿನ ಜೋನಿಂಗ್ ಯೋಜನೆಯ ಉದ್ದೇಶ ಕೆಡಬಾರದು.

ಈ ಷರತ್ತಿಗೆ ಬಂದರೆ ಹಳಿಯಾಚೆಯ ಆ ತಾಯಿಯ ವಿಷಯ ಬರುತ್ತದೆ. ಅವರನ್ನು ನೀವು ಅಡ್ಡಿ ಎಂದುಕೊಂಡಿದ್ದೀರಿ. ನಾನು ಹಾಗೆ ನೋಡಲಾರೆ. ಗಡಿಗೂ ನಿಮ್ಮ ಕಾರ್ಖಾನೆಗೂ ನಡುವೆ 30 ಅಡಿ ಖಾಲಿ ಇರಲಿ ಎಂದು ನಿಯಮ ಮಾಡಿರುವುದೇ ಅವರಂಥವರಿಗಾಗಿ. ಗಾಳಿ, ಬೆಳಕು, ಬೆಂಕಿ ಬಿದ್ದಾಗ ಒಳಗೆ ಬರಲು ದಾರಿ, ನಿದ್ದೆ ಇವಕ್ಕಾಗಿ. ಅವರ ಪಾಲಿನದರಲ್ಲಿ ಒಂದಿಷ್ಟು ಬಿಟ್ಟುಕೊಡಿ ಎಂದು ಕೇಳುತ್ತಿರುವವರು ನೀವು.

ಆದ್ದರಿಂದ ಮೊದಲು ಅವರ ಮನೆಗೆ ಹೋಗಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ, ನಕ್ಷೆ ಜೊತೆಗಿರಲಿ. ಉಡುಗೊರೆ ಬೇಡ. ಯಾವ ಹೊತ್ತಿನಲ್ಲಿ ಸದ್ದು ಕೇಳುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಕಾರ್ಖಾನೆಯ ನಿರಂತರ ಸದ್ದು ಮನೆಯ ಗಡಿಯಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ 65 ಡೆಸಿಬಲ್, ರಾತ್ರಿ 10ರಿಂದ ಬೆಳಗಿನ 7ರವರೆಗೆ 50 ಡೆಸಿಬಲ್ ಮೀರಬಾರದು ಎಂದು ರಾಜ್ಯದ ಶಬ್ದ ನಿಯಮವಿದೆ. ವೇರಿಯನ್ಸ್ ಸಿಕ್ಕಲಿ, ಸಿಗದಿರಲಿ, ಇದನ್ನು ನೀವು ಪಾಲಿಸಲೇಬೇಕು. ತಜ್ಞರಿಂದ ಅಳತೆ ಮಾಡಿಸಿ. ಮೀರಿದ್ದರೆ ಅರ್ಜಿ ಹಾಕುವ ಮುಂಚೆಯೇ ಸರಿಪಡಿಸಿ. ಗಡಿಗುಂಟ ವರ್ಷವಿಡೀ ಹಸಿರಾಗಿರುವ ಮರಗಳ ಸಾಲನ್ನು ನೆಡುವ ಮಾತು ಅವರ ಬಾಯಿಂದಲೇ ಬಂದರೆ ಇನ್ನೂ ಒಳ್ಳೆಯದು. ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ, ನಿಮ್ಮ ಜಾಗದಿಂದ 200 ಅಡಿಯೊಳಗಿರುವ ಎಲ್ಲ ಆಸ್ತಿ ಮಾಲೀಕರಿಗೆ ನೋಟಿಸು ಹೋಗಬೇಕು, ಪ್ರಕಟಣೆಯೂ ಆಗಬೇಕು. ಸರ್ಟಿಫೈಡ್ ಅಂಚೆಯ ಆ ಲಕೋಟೆಯಲ್ಲೇ ಅವರಿಗೆ ಮೊದಲ ಸುದ್ದಿ ಸಿಕ್ಕಿದರೆ ನಂಬಿಕೆ ಅಲ್ಲಿಗೇ ಮುರಿಯುತ್ತದೆ. ಈ ನೋಟಿಸಿನಲ್ಲಿ ಒಬ್ಬರು ಬಿಟ್ಟುಹೋದರೂ ಇಡೀ ವಿಚಾರಣೆ ಬಿದ್ದುಹೋಗಬಹುದು. ಹೆಸರುಗಳ ದೃಢೀಕೃತ ಪಟ್ಟಿಯನ್ನು ಟೌನ್‌ಶಿಪ್ಪಿನಿಂದಲೇ ಪಡೆಯಿರಿ. ಅದರಲ್ಲಿ ಹಳಿಯಿದ್ದ ಜಾಗದ ಒಡೆಯರೂ ಇರುತ್ತಾರೆ.

ಆ ಒಡೆಯರಿಗೆ ನೋಟಿಸಿಗೂ ಮುಂಚೆ ಒಂದು ಪತ್ರ ಬರೆಯಿರಿ. ಹಳಿ ಕಿತ್ತ ಪಟ್ಟಿಯಲ್ಲಿ ಹತ್ತಿಪ್ಪತ್ತು ಅಡಿ ಮಾರುತ್ತೀರಾ ಎಂದು ನ್ಯಾಯವಾದ ಬೆಲೆಗೆ ಕೇಳಿ. ಕೊಟ್ಟರೆ ವೇರಿಯನ್ಸಿನ ಅಗತ್ಯವೇ ಇಲ್ಲವಾಗಬಹುದು. ಕೊಡುವುದಿಲ್ಲ ಎಂದರೆ ಆ ಉತ್ತರವೇ ನಿಮ್ಮ ಸಾಕ್ಷ್ಯ. ಪಕ್ಕದ ಜಾಗ ಕೊಳ್ಳಲು ಪ್ರಯತ್ನಿಸಿದಿರಾ ಎಂಬುದನ್ನು ನ್ಯೂಜೆರ್ಸಿಯ ಕೋರ್ಟುಗಳು ಕಷ್ಟದ ವಾದ ಬಂದಾಗ ಕೇಳುವುದುಂಟು.

ಕಂಟ್ರಾಕ್ಟರ್ ಹೇಳಿದ ಸ್ಲ್ಯಾಬಿನ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಪರ್ಮಿಟ್ ಇಲ್ಲದೆ ಕಾಂಕ್ರೀಟ್ ಸುರಿದರೆ ಕೆಲಸ ನಿಲ್ಲಿಸುವ ಆದೇಶ ಬರುತ್ತದೆ, ದಂಡ ಬೀಳುತ್ತದೆ, ಒಡೆಸಲೂಬಹುದು. ಅದಕ್ಕಿಂತ ದೊಡ್ಡ ನಷ್ಟ, ಗಡಿಯ ಓರೆಯ ಮೇಲೆ ನಿಂತಿದ್ದ ನಿಮ್ಮ ಶುದ್ಧ ವಾದ ನೀವೇ ಮಾಡಿಕೊಂಡ ತಪ್ಪಿನ ಸಮರ್ಥನೆಯಾಗಿಬಿಡುತ್ತದೆ. ಕಟ್ಟಿ ಆಮೇಲೆ ಸಕ್ರಮ ಮಾಡಿಸಿಕೊಳ್ಳುವ ಯೋಚನೆ ನಮ್ಮೂರಿನಿಂದ ಬಂದವರಿಗೆ ಹೊಸದಲ್ಲ. ಅಲ್ಲಿಯೂ ಅದು ಯಾರಿಗೆ ನೆಮ್ಮದಿ ಕೊಟ್ಟಿದೆ? ವಾಸದ ಕಟ್ಟಡಕ್ಕೆ ಶೇ 50, ಇತರ ಕಟ್ಟಡಕ್ಕೆ ಶೇ 25ರವರೆಗಿನ ಸೆಟ್‌ಬ್ಯಾಕ್ ಉಲ್ಲಂಘನೆ ಮನ್ನಿಸುತ್ತೇವೆಂದ ಕರ್ನಾಟಕದ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ, ಅರ್ಜಿ ಹಿಡಿದು ಕಾದಿದ್ದವರೆಲ್ಲ ನಡುನೀರಿನಲ್ಲಿ ಉಳಿದರು.

ಬೋರ್ಡ್ ಸದಸ್ಯರ ಪರಿಚಯದ ವಿಷಯವೂ ಅಷ್ಟೇ ಗಂಭೀರ. ಸ್ನೇಹಿತರ ಒಳ್ಳೆಯ ಮನಸ್ಸನ್ನು ನಾನು ಅನುಮಾನಿಸುವುದಿಲ್ಲ. ಆದರೆ ಬೋರ್ಡ್ ಕುಳಿತುಕೊಳ್ಳುವುದು ನ್ಯಾಯಾಧೀಶರ ಜಾಗದಲ್ಲಿ. ವೈಯಕ್ತಿಕ ಅಥವಾ ಹಣಕಾಸಿನ ಹಿತಾಸಕ್ತಿಯಿರುವ ಸದಸ್ಯರು ಆ ವಿಷಯದಿಂದ ದೂರ ಸರಿಯಬೇಕೆಂದು ಕಾನೂನಿದೆ. ತೆರೆಮರೆಯಲ್ಲಿ ಮಾತಾಯಿತು ಎಂದು ತಿಳಿದರೆ, ಗೆದ್ದ ವೇರಿಯನ್ಸನ್ನೂ ಕೋರ್ಟಿನಲ್ಲಿ ಕಳೆದುಕೊಳ್ಳಬಹುದು. ಇವತ್ತೇ ಸ್ನೇಹಿತರಿಗೆ ಫೋನ್ ಮಾಡಿ ಬೇಡ ಎಂದು ಹೇಳಿ.

ಇದೆಲ್ಲಕ್ಕೂ ಮೊದಲು ಆಗಬೇಕಾದ ಒಂದು ಪರಿಶೀಲನೆಯಿದೆ. 1960ರ ದಶಕದ ಕಟ್ಟಡ ಎಂದರೆ ನನಗೆ ಮೊದಲು ಹೊಳೆಯುವ ಆತಂಕವೇ ಅದು. ಆ ವಲಯದಲ್ಲಿ ಮಷೀನ್ ಶಾಪಿಗೆ ಈಗಲೂ ಅನುಮತಿ ಇದೆಯೇ ಎಂದು ಜೋನಿಂಗ್ ಆಫೀಸರರನ್ನು ಲಿಖಿತವಾಗಿ ಕೇಳಿ. ಇದ್ದರೆ ನಿಮ್ಮದು ಬರೀ ಸೆಟ್‌ಬ್ಯಾಕ್ ಪ್ರಶ್ನೆ. ಹಾಜರಿದ್ದು ಮತ ಹಾಕುವವರಲ್ಲಿ ಬಹುಮತ ಸಿಕ್ಕರೆ ಆಯಿತು, ಸೈಟ್ ಪ್ಲಾನಿನ ಜೊತೆಗೇ ಪ್ಲಾನಿಂಗ್ ಬೋರ್ಡ್ ಅದನ್ನು ಕೊಡಬಹುದು. ನಡುವೆ ಎಲ್ಲೋ ಆ ವಲಯವನ್ನು ಮನೆಗಳಿಗೋ ಅಂಗಡಿಗಳಿಗೋ ಬದಲಾಯಿಸಿದ್ದರೆ ಮಾತು ಬೇರೆ. ಆಗ ನಿಮ್ಮ ಕಾರ್ಖಾನೆ ಹಳೆಯ ಹಕ್ಕಿನಿಂದ ಉಳಿದುಕೊಂಡ ಬಳಕೆಯಾಗುತ್ತದೆ. ಅದನ್ನು ವಿಸ್ತರಿಸಲು 'ಡಿ' ವರ್ಗದ ವೇರಿಯನ್ಸ್ ಬೇಕು, ಜೋನಿಂಗ್ ಬೋರ್ಡಿನ ಏಳರಲ್ಲಿ ಐದು ಮತ ಬೇಕು. ಮೇಲೆ ಹೇಳಿದ ತ್ರಿಕೋನದ ವಾದವೊಂದೇ ಅಲ್ಲಿ ಸಾಲುವುದಿಲ್ಲ.

ಮಾತಿನ ಭಯಕ್ಕೆ ಬರೋಣ. ಶಾಪು ಕಂಪನಿ ಅಥವಾ ಎಲ್‌ಎಲ್‌ಸಿ ಹೆಸರಿನಲ್ಲಿದ್ದರೆ ನ್ಯೂಜೆರ್ಸಿಯಲ್ಲಿ ಬೋರ್ಡಿನ ಮುಂದೆ ವಕೀಲರೇ ನಿಲ್ಲಬೇಕು, ನೀವು ವಾದಿಸುವ ಹಾಗೇ ಇಲ್ಲ. ನಕ್ಷೆಯ ಬಗ್ಗೆ ಎಂಜಿನಿಯರ್, ಕಾನೂನಿನ ಅಳತೆಗೋಲಿನ ಬಗ್ಗೆ ಲೈಸೆನ್ಸ್ ಇರುವ ಪ್ಲಾನರ್ ಸಾಕ್ಷಿ ಹೇಳುತ್ತಾರೆ. ಸೆಟ್‌ಬ್ಯಾಕಿನ ಅರ್ಜಿಯಲ್ಲಿ ಪ್ಲಾನರನ್ನು ಬಿಟ್ಟು ಖರ್ಚು ಉಳಿಸಲು ಹೋಗಬೇಡಿ. ನಿಮಗೆ ಉಳಿಯುವುದು ನಿಮ್ಮ ಶಾಪಿನ ಬಗ್ಗೆ ಪ್ರಮಾಣ ಮಾಡಿ ಹೇಳುವುದಷ್ಟೇ. ದಿನಕ್ಕೆ ಎಷ್ಟು ಲಾರಿ ಬರುತ್ತವೆ, ಎಷ್ಟು ಗಂಟೆಗೆ ತೆರೆಯುತ್ತೀರಿ, ಎಣ್ಣೆ ಎಲ್ಲಿಡುತ್ತೀರಿ, ರಾತ್ರಿ ಪಾಳಿ ಇದೆಯೇ? ಇವಕ್ಕೆ ನಿಮಗಿಂತ ಚೆನ್ನಾಗಿ ಉತ್ತರ ಗೊತ್ತಿರುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಎರಡು ಲಾರಿ ಬಂದರೆ ಎರಡು ಎನ್ನಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಉತ್ಸಾಹದಲ್ಲಿ ‘ರಾತ್ರಿ ಎಂದೂ ಕೆಲಸ ಮಾಡುವುದಿಲ್ಲ’ ಎಂದುಬಿಟ್ಟರೆ ಅದೇ ಷರತ್ತಾಗಿ ಬೋರ್ಡಿನ ಠರಾವಿನಲ್ಲಿ ಕೂರಬಹುದು, ಕೂತರೆ ಜಾಗದ ಜೊತೆಗೇ ಉಳಿಯುತ್ತದೆ. ಅಕ್ಕಪಕ್ಕದವರು ಪಾಟೀಸವಾಲು ಹಾಕಬಹುದು, ಅವರಿಗೆ ಆ ಹಕ್ಕಿದೆ. ನಿಮ್ಮನ್ನು ಬೆಂಬಲಿಸುವವರು ಪತ್ರ ಬರೆದುಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ, ಪತ್ರವನ್ನು ಯಾರೂ ಪ್ರಶ್ನಿಸಲಾಗುವುದಿಲ್ಲವಲ್ಲ. ಬಂದು ಕೂರಲಿ.

ಹೇಳಬೇಕಾದುದನ್ನೆಲ್ಲ ಅಲ್ಲೇ ಹೇಳಿಸಿ. ಬೋರ್ಡ್ ನಿರಾಕರಿಸಿ ನೀವು ಸುಪೀರಿಯರ್ ಕೋರ್ಟಿಗೆ ಹೋದರೆ, ನ್ಯಾಯಾಧೀಶರು ನೋಡುವುದು ಬೋರ್ಡಿನ ಮುಂದೆ ದಾಖಲಾದದ್ದನ್ನು ಮಾತ್ರ. ಹೊಸ ಸಾಕ್ಷ್ಯಕ್ಕೆ ಅಲ್ಲಿ ಅವಕಾಶವಿಲ್ಲ.

ಇನ್ನು ಸಮಯ. ಅರ್ಜಿ ಪೂರ್ಣವಾಗಿದೆಯೇ ಎಂದು ಹೇಳಲು 45 ದಿನ, ಆಮೇಲೆ ತೀರ್ಮಾನಕ್ಕೆ 120 ದಿನ, ಠರಾವು ಬರೆಯಲು 45 ದಿನ. ಅದರ ಪ್ರಕಟಣೆಯಾದ ಮೇಲೆ ಮೇಲ್ಮನವಿಗೆ ಇನ್ನೂ 45 ದಿನ. ಕಾಲಾವಕಾಶ ಹೆಚ್ಚಿಸಿಕೊಡಿ ಎಂದು ಬೋರ್ಡ್ ನಡುವೆ ಕೇಳಿದರೆ ಸಾಮಾನ್ಯವಾಗಿ ಒಪ್ಪಲೇಬೇಕಾಗುತ್ತದೆ. ಟೌನ್‌ಶಿಪ್ ಕಡೆಯ ಎಂಜಿನಿಯರ್, ಪ್ಲಾನರ್, ವಕೀಲರು ನಿಮ್ಮ ಅರ್ಜಿ ಪರಿಶೀಲಿಸುವ ಖರ್ಚೂ ನೀವು ಇಡಬೇಕಾದ ಎಸ್ಕ್ರೋ (ಠೇವಣಿ) ಹಣದಿಂದಲೇ ಹೋಗುತ್ತದೆ. 5,000 ಚದರ ಅಡಿಗಿಂತ ಹೆಚ್ಚು ನೆಲ ಅಗೆಯುವುದಾದರೆ ಮಣ್ಣು ಸಂರಕ್ಷಣಾ ಡಿಸ್ಟ್ರಿಕ್ಟಿನ ಒಪ್ಪಿಗೆ ಬೇಕು. ಕಟ್ಟಡದ ಪರ್ಮಿಟ್ ಆಮೇಲಿನದು: ಗೋಡೆ ಗಡಿಗೆ ಹತ್ತಿರವಾದಷ್ಟೂ ಅದು ಬೆಂಕಿ ತಡೆಯುವ ಬಗೆ, ಕಿಟಕಿಗಳ ಪ್ರಮಾಣ ಇವುಗಳ ನಿಯಮ ಬಿಗಿಯಾಗುತ್ತದೆ, ವೇರಿಯನ್ಸ್ ಅದನ್ನು ಸಡಿಲಿಸುವುದಿಲ್ಲ. ಒಟ್ಟಿನಲ್ಲಿ ಒಂದು ವರ್ಷ ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳಿ. ಮಷೀನಿನ ಕಂಪನಿಗೆ ಈಗಲೇ ಫೋನ್ ಮಾಡಿ, ತಡವಾಗಿ ಕಳಿಸಲು ಸಾಧ್ಯವೇ ಕೇಳಿ. ಆಗದಿದ್ದರೆ ಹತ್ತಿರದಲ್ಲಿ ಒಂದು ಬೇ ಬಾಡಿಗೆಗೆ ನೋಡಿ.

ನಿಮ್ಮ ಮನೆಯವರ ಮಾತನ್ನು ಕೊನೆಗಿಟ್ಟೆ, ಅದನ್ನು ಹಗುರವಾಗಿ ಕಂಡು ಅಲ್ಲ. ಪೆನ್ಸಿಲ್ವೇನಿಯಾಕ್ಕೆ ಹೋಗೋಣ ಎನ್ನುವವರು ಲೆಕ್ಕ ನೋಡಿಯೇ ಹೇಳಿರುತ್ತಾರೆ. ಅರ್ಜಿಯ ಪೂರ್ತಿ ಖರ್ಚು, ಒಂದು ವರ್ಷದ ಬಾಡಿಗೆ, ಕಂತು ಒಂದು ಕಡೆ ಬರೆಯಿರಿ. ಅಲ್ಲಿಗೆ ಹೋದರೆ 11 ಜನರಲ್ಲಿ ಯಾರು ಯಾರು ನಿಮ್ಮ ಜೊತೆ ಬರುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳಿ ಇನ್ನೊಂದು ಕಡೆ ಬರೆಯಿರಿ. ಆ ಹಾಳೆ ಮುಂದಿಟ್ಟುಕೊಂಡು ಇಬ್ಬರೂ ಕೂತು ಮಾತಾಡಿ. ಜೋನಿಂಗ್ ಆಫೀಸರರ ಉತ್ತರ, ಹಳಿಯ ಪಟ್ಟಿಯ ಒಡೆಯರ ಉತ್ತರ ಇವೆರಡೂ ಕೈಗೆ ಬರುವವರೆಗೆ ತೀರ್ಮಾನ ಮಾಡಬೇಡಿ. ಎರಡಕ್ಕೂ ಹೆಚ್ಚು ಖರ್ಚಿಲ್ಲ. ಉತ್ತರ ಬಂದ ಮೇಲೆ ಮತ್ತೆ ಬರೆಯಿರಿ, ಸರ್ವೆ ನಕ್ಷೆಯ ಪ್ರತಿಯನ್ನೂ ಕಳಿಸಿ.